ನೌಪಾಡಾದ ಪಕ್ಕದ ಕಾಡು

ಠಾಣೆ ಸ್ಟೇಷನ್ನಿನಿಂದ ಯೇಊರಿಗೆ ಊರ ಬಸ್ಸು ಹೋಗುತ್ತದೆ. ನೌಪಾಡಾ ದಾಟಿ, ವರ್ತಕ್ ನಗರ, ಉಪವನ ಕೆರೆ ಹಿಂದೆ ಹಾಕಿ ಬಸ್ಸು ಗುಡ್ಡ ಹತ್ತತೊಡಗಿದಾಗ ದಾರಿಯಲ್ಲಿ ಅರಣ್ಯ ಇಲಾಖೆಯ ಗೇಟು ಸಿಗುತ್ತದೆ. ಅಲ್ಲಿಂದ ಮುಂದಿನದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಜನರ ಬಾಯಲ್ಲಿ ಅದು ಇವತ್ತಿಗೂ ‘ಬೋರಿವಲಿ ಪಾರ್ಕ್’. ಆದರೆ ಅದರ ಸುಮಾರು 104 ಚದರ ಕಿಲೋಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇರುವುದು ಠಾಣೆ ಜಿಲ್ಲೆಯಲ್ಲಿ. ಬೆಂಗಳೂರು ಕಂಡವರಿಗೆ ಅಳತೆ ತಿಳಿಯಬೇಕೆಂದರೆ, 240 ಎಕರೆಯ ಲಾಲ್‌ಬಾಗ್‌ನಂಥವು ನೂರಕ್ಕೂ ಹೆಚ್ಚು ಇದರೊಳಗೆ ಹಿಡಿಯುತ್ತವೆ.

ಲಾಲ್‌ಬಾಗನ್ನು ನೋಡಿಕೊಳ್ಳುವುದು ತೋಟಗಾರಿಕೆ. ಗಿಡ ನೆಡಬೇಕು, ನೀರು ಹಾಕಬೇಕು, ಹುಲ್ಲು ಕತ್ತರಿಸಬೇಕು. ಇಲ್ಲಿ ಗಿಡ ತಾನಾಗಿ ಬೆಳೆಯುತ್ತದೆ, ನೋಡಿಕೊಳ್ಳಬೇಕಾದದ್ದು ಮನುಷ್ಯರನ್ನು. ಯಾರು ಎಲ್ಲಿಯವರೆಗೆ ಹೋಗಬಹುದು, ಯಾವ ಹೊತ್ತಿಗೆ ಹೊರಗೆ ಬರಬೇಕು, ಸುತ್ತಲ ಊರು ತನ್ನ ಕಸವನ್ನು ಎಲ್ಲಿ ಹಾಕುತ್ತದೆ, ದೀಪ ಎಷ್ಟು ಹೊತ್ತು ಉರಿಸುತ್ತದೆ ಎಂಬ ಪ್ರಶ್ನೆಗಳೇ ಇಲ್ಲಿನ ನಿರ್ವಹಣೆ. ಈ ಕಾಡಿನ ಅರ್ಧ ಕೆಲಸ ಅದರ ಗಡಿಯ ಹೊರಗೆ, ನಮ್ಮ ಬೀದಿಗಳಲ್ಲಿ ಆಗಬೇಕಾದದ್ದು ಎಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ.

ಈ ಕಾಡು ಉಳಿದದ್ದಕ್ಕೆ ಒಂದು ದೊಡ್ಡ ಕಾರಣ ಕುಡಿಯುವ ನೀರು. ಬೊಂಬಾಯಿಯ ದಾಹ ತೀರಿಸಲು ಬ್ರಿಟಿಷರು ಮೀಠಿ ನದಿಗೆ ಒಡ್ಡು ಕಟ್ಟಿ 1860ರಲ್ಲಿ ವಿಹಾರ್ ಕೆರೆಯನ್ನೂ, ತಾಸೋ ನದಿಗೆ ಒಡ್ಡು ಕಟ್ಟಿ 1879ರ ಹೊತ್ತಿಗೆ ತುಳಸಿ ಕೆರೆಯನ್ನೂ ಮಾಡಿಕೊಂಡರು. ಕೆರೆ ತುಂಬಬೇಕಾದರೆ ಸುತ್ತಲ ಗುಡ್ಡದ ಮರ ನಿಲ್ಲಬೇಕು. ಹಾಗಾಗಿ ಆ ಗುಡ್ಡಗಳಿಗೆ ಕಾವಲು ಬಿತ್ತು. ಇವತ್ತು ವಿಹಾರ್ ಕೆರೆಯಲ್ಲಿ ಸುಮಾರು 2,770 ಕೋಟಿ ಲೀಟರ್, ತುಳಸಿಯಲ್ಲಿ ಸುಮಾರು 800 ಕೋಟಿ ಲೀಟರ್ ನೀರು ನಿಲ್ಲುತ್ತದೆ. ಬೆಳೆದ ಮುಂಬಯಿಯ ಲೆಕ್ಕದಲ್ಲಿ ಇದು ಸಣ್ಣ ಪಾಲು. ಹೆಚ್ಚಿನ ನೀರು ಬರುವುದು ಠಾಣೆ, ಪಾಲ್ಘರ್, ನಾಸಿಕ್ ಕಡೆಯ ದೂರದ ಜಲಾಶಯಗಳಿಂದ. ಆದರೂ ಆ ಎರಡು ಕೆರೆಗಳ ಹತ್ತಿರ ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂಬ ನಿಯಮ ಉಳಿದುಬಂದಿದೆ. ಮೊಸಳೆಗೂ ನೀರುಹಕ್ಕಿಗೂ ಅದರಿಂದ ಉಪಕಾರವಾಗಿದೆ.

ನೀರಿಗಿಂತ ಹಳೆಯದು ಕಾಣ್ಹೇರಿ. ಕಪ್ಪು ಬಸಾಲ್ಟ್ ಬಂಡೆಯಲ್ಲಿ ಕೊರೆದ 109 ಬೌದ್ಧ ಗುಹೆಗಳು ಕಾಡಿನ ನಡುವೆ ಇವೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಿಂದ ಹತ್ತನೆಯ ಶತಮಾನದವರೆಗೂ ಇಲ್ಲಿ ಭಿಕ್ಷುಗಳು ಬದುಕಿದ್ದರು. ಗುಹೆಗಳ ಪಕ್ಕದಲ್ಲಿ ಬಂಡೆಯಲ್ಲೇ ಕಡೆದ ನೀರಿನ ತೊಟ್ಟಿಗಳಿವೆ, ಮಳೆನೀರು ಅವಕ್ಕೆ ಇಳಿಯುವಂತೆ ಕಾಲುವೆಗಳಿವೆ. ನಮಗೆ, ಕನ್ನಡಿಗರಿಗೆ, ಇಲ್ಲಿ ಬೇರೆಯೇ ಒಂದು ನಂಟಿದೆ. ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಕಾಣ್ಹೇರಿಯಲ್ಲಿರುವ ಶಕ 765ರ, ಎಂದರೆ ಕ್ರಿ.ಶ. 843ರ ಶಾಸನ, ಅಮೋಘವರ್ಷನ ಕೃಪೆಯಿಂದ ಕೊಂಕಣವನ್ನು ಆಳುತ್ತಿದ್ದ ಪುಲ್ಲಶಕ್ತಿಯ ಕಾಲದ್ದು. ನಮ್ಮ ನೃಪತುಂಗನೇ ಆ ಅಮೋಘವರ್ಷ. ‘ಕವಿರಾಜಮಾರ್ಗ’ ಹುಟ್ಟಿದ ಅರಸೊತ್ತಿಗೆಯ ಅಂಕೆ ಈ ಕಾಡಿನವರೆಗೂ ಇತ್ತು. ಆ ಶಾಸನದಲ್ಲಿ ‘ಕೃಷ್ಣಗಿರಿ’ಯ, ಎಂದರೆ ಕಾಣ್ಹೇರಿಯ, ವಿಹಾರಕ್ಕೆ ಕೊಟ್ಟ ದಾನದ ವಿವರವಿದೆ: ಕಟ್ಟಡದ ದುರಸ್ತಿಗೆ ಇಷ್ಟು, ಭಿಕ್ಷುಗಳ ಬಟ್ಟೆಗೆ ಇಷ್ಟು, ಪುಸ್ತಕಕ್ಕೆ ಇಷ್ಟು. ದುರಸ್ತಿಗೂ ಪುಸ್ತಕಕ್ಕೂ ಒಟ್ಟೊಟ್ಟಿಗೆ ಹಣ ತೆಗೆದಿಡುವುದು ಸಾವಿರದ ನೂರು ವರ್ಷಗಳ ಹಿಂದೆಯೇ ಇಲ್ಲಿ ಗೊತ್ತಿತ್ತು ಎಂಬುದು ನನಗೆ ಬಹಳ ಮೆಚ್ಚಿನ ಸಂಗತಿ. 1009 ಮತ್ತು 1021ರಲ್ಲಿ ಗುಹೆಗಳನ್ನು ನೋಡಲು ಬಂದ ಪಾರಸಿ ಯಾತ್ರಿಕರು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು 90ನೆಯ ಗುಹೆಯಲ್ಲಿ ಬರೆದು ಹೋಗಿದ್ದಾರೆ.

ಇಂದು ಗುಹೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಶದಲ್ಲಿವೆ, ಅವುಗಳಿಗೆ ಹೋಗುವ ದಾರಿ ಅರಣ್ಯ ಇಲಾಖೆಯದು. ಶಿವರಾತ್ರಿಯಲ್ಲಿ ಇಲ್ಲಿಗೆ ಸಾವಿರಾರು ಜನ ಬರುತ್ತಾರೆ. ಅಂಥ ದಿನ ಕಲ್ಲಿನ ಕಾಳಜಿಯವರೂ ಕಾಡಿನ ಕಾಳಜಿಯವರೂ ಕೂತು ಬಸ್ಸು, ಶೌಚಾಲಯ, ಕಸದ ಬುಟ್ಟಿಗಳ ಲೆಕ್ಕವನ್ನು ಒಟ್ಟಿಗೆ ಹಾಕದಿದ್ದರೆ ಎರಡಕ್ಕೂ ಪೆಟ್ಟು.

ಮನರಂಜನೆಯ ಭಾಗ ಬೋರಿವಲಿ ಗೇಟಿನ ಒಳಗೆ ‘ಕೃಷ್ಣಗಿರಿ ಉಪವನ’ ಎಂಬ ವಲಯದಲ್ಲಿದೆ. ಬೆಳಗಿನ ನಡಿಗೆಯವರು, ದೋಣಿ ವಿಹಾರ, ಹುಲಿ-ಸಿಂಹ ಸಫಾರಿ ಎಲ್ಲ ಅಲ್ಲೇ. ಎರಡು ಮೂರು ತಲೆಮಾರಿನ ಮಕ್ಕಳನ್ನು ಕೂರಿಸಿಕೊಂಡು ಓಡಿದ ‘ವನರಾಣಿ’ ಪುಟಾಣಿ ರೈಲು 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಹಳಿ ಹಾಳಾಗಿ ನಿಂತುಹೋಯಿತು. ಸೋಮವಾರ ಉದ್ಯಾನಕ್ಕೆ ರಜೆ. ಜನಸಂದಣಿಯನ್ನು ಒಂದು ಮೂಲೆಯಲ್ಲಿ ತೃಪ್ತಿಪಡಿಸಿ ನಿಲ್ಲಿಸಿಕೊಂಡರೆ ಉಳಿದ ಕಾಡಿಗೆ ಉಸಿರಾಡಲು ಬಿಡುವು ಸಿಗುತ್ತದೆ ಎಂಬುದು ಈ ವಲಯದ ಹಿಂದಿನ ಯೋಚನೆ. ಕರ್ನಾಟಕ ಇದನ್ನೇ ಇನ್ನೂ ಖಚಿತವಾಗಿ ಮಾಡಿತು: ಬನ್ನೇರುಘಟ್ಟದಲ್ಲಿ ಮೃಗಾಲಯ ಮತ್ತು ಸಫಾರಿಯ ಭಾಗವನ್ನು 2002ರಲ್ಲಿ ರಾಷ್ಟ್ರೀಯ ಉದ್ಯಾನದಿಂದ ಬಿಡಿಸಿ ಬೇರೆ ಜೈವಿಕ ಉದ್ಯಾನವಾಗಿಸಿತು. ಟಿಕೆಟ್ಟಿನ ಆದಾಯ ನೋಡುವವರೂ ಆನೆ ಓಡಾಟ ನೋಡುವವರೂ ಬೇರೆಯಾದರೆ ಇಬ್ಬರ ಕೆಲಸವೂ ಸ್ಪಷ್ಟವಾಗುತ್ತದೆ.

ಇನ್ನು ಚಿರತೆಯ ವಿಷಯ. ಈ ಉದ್ಯಾನ ಕಲಿತ ದೊಡ್ಡ ಪಾಠ ಇಲ್ಲಿದೆ. ಸ್ವಲ್ಪ ನಿಧಾನವಾಗಿ ಹೇಳಬೇಕು.

2002ರಿಂದ 2004ರವರೆಗೆ ಉದ್ಯಾನದ ಅಂಚಿನಲ್ಲಿ ಚಿರತೆಗಳ ದಾಳಿ ಏರುತ್ತಾ ಹೋಯಿತು. 2004ರ ಜೂನ್ ಒಂದೇ ತಿಂಗಳಲ್ಲಿ ಸುಮಾರು ಹತ್ತು ಜನ ಸತ್ತರು. ಊರಿಗೆ ಊರೇ ಹೆದರಿತು. ಅರಣ್ಯ ಇಲಾಖೆ ಬೋನುಗಳನ್ನಿಟ್ಟು ಚಿರತೆಗಳನ್ನು ಹಿಡಿಯಿತು. ಕಾಡಿನಲ್ಲಿ ಆಹಾರ ಸಾಲದೆಂದು ಹಂದಿ, ಮೊಲಗಳನ್ನು ತಂದು ಬಿಟ್ಟಿತು. ದಾಳಿ ಏಕೆ ಹೆಚ್ಚಿತು ಎಂಬುದಕ್ಕೆ ಆಮೇಲೆ ಅಧ್ಯಯನಕಾರರು ತೋರಿಸಿದ ಒಂದು ಕಾರಣ ಆ ದಿನಗಳ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಬೇರೆ ಕಡೆ ಹಿಡಿದ ಚಿರತೆಗಳನ್ನು ‘ಕಾಡಿಗೆ ಸೇರಿಸಿದರೆ ಆಯಿತು’ ಎಂದು ಈ ಕಾಡಿಗೆ ತಂದು ಬಿಡಲಾಗುತ್ತಿತ್ತು. ಗುರುತು ಪರಿಚಯವಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ದಿಕ್ಕೆಟ್ಟು ಅಲೆಯುತ್ತದೆ, ಜನರಿಗೆ ಎದುರಾಗುತ್ತದೆ. ಇತ್ತ ಹಿಡಿದುಹಾಕಿದ ಚಿರತೆಯ ಜಾಗಕ್ಕೆ ಬೇರೊಂದು ಚಿರತೆ ಬಂದು ಸೇರುತ್ತದೆ. ಪುಣೆ ಜಿಲ್ಲೆಯ ಜುನ್ನರ್ ಸೀಮೆಯಲ್ಲಿ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮಾಡಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿತು.

ಚಿರತೆ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬುದಕ್ಕೆ ‘ಆಜೋಬಾ’ನ ಕತೆ ಇದೆ. ಮರಾಠಿಯಲ್ಲಿ ಅಜ್ಜ ಎಂದು ಹೆಸರಿಟ್ಟ ಈ ವಯಸ್ಸಾದ ಗಂಡು ಚಿರತೆ 2009ರಲ್ಲಿ ಅಹ್ಮದ್‌ನಗರ ಜಿಲ್ಲೆಯ ಬಾವಿಯೊಂದರಲ್ಲಿ ಸಿಕ್ಕಿತು. ಕೊರಳಿಗೆ ಪಟ್ಟಿ ಕಟ್ಟಿ ಮಾಳ್ಶೇಜ್ ಘಾಟಿಯಲ್ಲಿ ಬಿಟ್ಟರು. ಅದು ಹೆದ್ದಾರಿ, ರೈಲು ಹಳಿ ದಾಟಿ ಸುಮಾರು 120 ಕಿಲೋಮೀಟರ್ ನಡೆದು ನಮ್ಮ ಉದ್ಯಾನದ ಉತ್ತರ ತುದಿಯವರೆಗೂ ಬಂತು. ದಾರಿಯುದ್ದಕ್ಕೂ ಯಾರನ್ನೂ ಮುಟ್ಟಲಿಲ್ಲ. 2011ರಲ್ಲಿ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು.

ಅದೇ 2011ರಲ್ಲಿ ಅರಣ್ಯ ಇಲಾಖೆ, ಸಂಶೋಧಕರು, ಪ್ರಾಣಿಪ್ರಿಯರು ಸೇರಿ ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ (ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕಾಗಿ ಮುಂಬಯಿಯವರು) ಎಂಬ ಕಾರ್ಯಕ್ರಮ ಶುರುಮಾಡಿದರು. ಅವರು ಮಾಡಿದ್ದು ದೊಡ್ಡ ಸದ್ದಿನ ಕೆಲಸವಲ್ಲ. ಪೊಲೀಸರಿಗೆ, ಪತ್ರಕರ್ತರಿಗೆ, ಹೌಸಿಂಗ್ ಸೊಸೈಟಿಗಳಿಗೆ, ಗುಡಿಸಲುಗಳಿಗೆ ಹೋಗಿ ಮಾತಾಡಿದರು. ಕಸ ರಾಶಿ ಬಿದ್ದಲ್ಲಿ ಬೀದಿನಾಯಿ ಸೇರುತ್ತದೆ, ನಾಯಿ ಇದ್ದಲ್ಲಿ ಚಿರತೆ ಬರುತ್ತದೆ. ಆದ್ದರಿಂದ ಮೊದಲು ಕಸ ಎತ್ತಿಸಿ. ಕತ್ತಲಲ್ಲಿ ಮಕ್ಕಳನ್ನು ಒಂಟಿಯಾಗಿ ಹೊರಗೆ ಕಳಿಸಬೇಡಿ. ಮನೆಯ ಹತ್ತಿರವೇ ಶೌಚಾಲಯ ಕಟ್ಟಿಸಿ. ಚಿರತೆ ಕಣ್ಣಿಗೆ ಬಿತ್ತೆಂದು ಗುಂಪುಗೂಡಿ ಕೂಗಬೇಡಿ, ಅದಕ್ಕೆ ಹೋಗಲು ದಾರಿ ಬಿಡಿ. ಈ ಕೊನೆಯ ಮಾತು ಎಷ್ಟು ಮುಖ್ಯವೆಂದು 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಜಮಾಯಿಸಿದ ಜನರನ್ನು ಟಿವಿಯಲ್ಲಿ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. 2019ರ ಫೆಬ್ರವರಿಯಲ್ಲಿ ನಮ್ಮ ಠಾಣೆಯ ಸಮತಾನಗರದಲ್ಲೂ ಚಿರತೆ ಒಂದು ಮಾಲಿನೊಳಗೆ ಬಂದು, ಪಕ್ಕದ ಹೋಟೆಲಿನ ಆವರಣದಲ್ಲಿ ಅಡಗಿತ್ತು. ಅರಣ್ಯ ಸಿಬ್ಬಂದಿ ಅರಿವಳಿಕೆ ಕೊಟ್ಟು ಹಿಡಿದರು. ನೌಪಾಡಾದಿಂದ ಅದು ದೂರವೇನಲ್ಲ.

ಫಲ ಕಂಡಿತು. 2013ರ ನಂತರ ಕೆಲವು ವರ್ಷ ದಾಳಿಗಳು ಬಹುಮಟ್ಟಿಗೆ ನಿಂತವು. ವಿಶೇಷವೆಂದರೆ ಚಿರತೆಗಳೇನೂ ಕಡಿಮೆಯಾಗಿರಲಿಲ್ಲ. ಕ್ಯಾಮೆರಾ ಇಟ್ಟು ಎಣಿಸಿದಾಗ ಉದ್ಯಾನದಲ್ಲೂ ಅದರ ಸುತ್ತಮುತ್ತಲೂ 2015ರಲ್ಲಿ 35, 2018ರಲ್ಲಿ 47 ಚಿರತೆಗಳು ಸಿಕ್ಕವು. ಇಷ್ಟು ದಟ್ಟವಾಗಿ ಚಿರತೆಗಳಿರುವ ಜಾಗ ಜಗತ್ತಿನಲ್ಲೇ ಕಡಿಮೆ. ಸಮಸ್ಯೆ ಮುಗಿದೇಹೋಯಿತು ಎನ್ನಲಾಗದು: 2017 ಮತ್ತು 2021ರಲ್ಲಿ ಉದ್ಯಾನದ ಅಂಚಿನ ಆರೇ ಕಾಲೊನಿಯಲ್ಲಿ ಮತ್ತೆ ದಾಳಿಗಳಾದವು, 2022ರ ದೀಪಾವಳಿಯ ಹೊತ್ತಿಗೆ ಅಲ್ಲಿ ಒಂದು ಎಳೆಯ ಮಗು ಸತ್ತಿತು. ಆ ಮನೆಯವರಿಗೆ ಯಾವ ಅಂಕಿಅಂಶವೂ ಸಮಾಧಾನ ಕೊಡದು. ಕಸ ಎತ್ತುವುದು, ಶೌಚಾಲಯ ಕಟ್ಟುವುದು, ಬೀದಿದೀಪ ಉರಿಯುವಂತೆ ನೋಡುವುದು ಮಹಾನಗರಪಾಲಿಕೆಯ ಕೆಲಸ. ಅದು ತಪ್ಪಿದ ಕಡೆ ಅರಣ್ಯ ಇಲಾಖೆ ಎಷ್ಟು ಬೋನು ಇಟ್ಟರೂ ಸಾಲದು.

ಕಾಡಿನೊಳಗೆ ಮೊದಲಿನಿಂದ ಇರುವವರು ವಾರ್ಲಿ, ಮಹಾದೇವ ಕೋಳಿ, ಕಾತ್ಕರಿ ಮೊದಲಾದ ಆದಿವಾಸಿಗಳು. ಯೇಊರಿನಲ್ಲಿ ಅವರ ಪಾಡಾಗಳು, ಎಂದರೆ ಹಾಡಿಗಳು, ಇವೆ. ವಾರ್ಲಿಗಳಿಗೆ ಹುಲಿ, ಚಿರತೆ ಎರಡೂ ‘ವಾಘೋಬಾ’. ಮರದಲ್ಲೋ ಕಲ್ಲಿನಲ್ಲೋ ಕೆತ್ತಿ, ಕುಂಕುಮ ಬಳಿದು ಪೂಜಿಸುತ್ತಾರೆ. ದೀಪಾವಳಿಯ ಮುನ್ನ ಬರುವ ವಾಘಬಾರಸ್ ಅದರ ಹಬ್ಬ. ಮುಂಬಯಿ ಉಪನಗರ, ಠಾಣೆ, ಪಾಲ್ಘರ್ ಜಿಲ್ಲೆಗಳಲ್ಲಿ ಇಂಥ 150 ವಾಘೋಬಾ ಗುಡಿಗಳನ್ನು ಸಂಶೋಧಕರು ದಾಖಲಿಸಿದ್ದಾರೆ. ಉತ್ತರ ಕನ್ನಡದ ಹುಲಿದೇವರು, ತುಳುನಾಡಿನ ಪಿಲಿಚಾಮುಂಡಿಯನ್ನು ಕಂಡವರಿಗೆ ಇದು ಹೊಸದೆನಿಸದು. ಇಂಥ ಆದಿವಾಸಿಗಳನ್ನೂ ಗುಡ್ಡ ಅಗೆದು ಚಾಳು ಕಟ್ಟಿ ಮಾರಿದವರನ್ನೂ ಒಂದೇ ‘ಒತ್ತುವರಿ’ಯ ಪಟ್ಟಿಯಲ್ಲಿ ಹಾಕಿದ್ದು ಅನ್ಯಾಯ. 1995ರಲ್ಲಿ ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಹೈಕೋರ್ಟು 1997ರಲ್ಲಿ ತೆರವಿಗೆ ಆದೇಶ ಕೊಟ್ಟಿತು. ಸಾವಿರಾರು ಗುಡಿಸಲುಗಳು ಹೋದವು, ಅರ್ಹರಾದವರಿಗೆ ಚಾಂದಿವಲಿಯಲ್ಲಿ ಮನೆ ಸಿಕ್ಕಿತು. ಕಾಡಿಗೆ ಅದರಿಂದ ದೊಡ್ಡ ಭಾಗ ಮರಳಿತು, ನಿಜ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಪಾಡಾಗಳಿಗೆ ರಸ್ತೆ, ನೀರು, ವಿದ್ಯುತ್ತಿನ ಪ್ರಶ್ನೆ ತೀರಿಲ್ಲ. ಕಾಡಿನ ಕಾವಲಿಗೆ, ಬೇಸಿಗೆಗೆ ಮುಂಚೆ ಬೆಂಕಿರೇಖೆ ಕಡಿಯುವುದಕ್ಕೆ, ಪ್ರವಾಸಿಗರಿಗೆ ದಾರಿ ತೋರುವುದಕ್ಕೆ ಅಲ್ಲಿನ ಹುಡುಗ ಹುಡುಗಿಯರಿಗೇ ಮೊದಲ ಕರೆ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯೇಊರಿನ ಕಡೆ ಈಗ ಬೇರೆ ಒತ್ತಡ. 2016ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಉದ್ಯಾನದ ಸುತ್ತ 59.46 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯ ಘೋಷಿಸಿತು. ಆದರೂ ಗುಡ್ಡದ ಮೇಲೆ ಬಂಗಲೆಗಳು, ಹೋಟೆಲುಗಳು, ಮದುವೆಯ ಧ್ವನಿವರ್ಧಕಗಳು, ರಾತ್ರಿ ಹೊನಲು ದೀಪ ಹಾಕಿ ಆಡುವ ಟರ್ಫ್ ಮೈದಾನಗಳು ಬಂದವು. ಟರ್ಫ್‌ಗಳ ವಿಷಯ ಹೈಕೋರ್ಟಿನ ಮೆಟ್ಟಿಲೂ ಹತ್ತಿತು. ಡಿಸೆಂಬರ್ 31ರ ರಾತ್ರಿ ಗೇಟಿನಲ್ಲಿ ಅರಣ್ಯ ಸಿಬ್ಬಂದಿಯೂ ಪೊಲೀಸರೂ ನಿಂತು ವಾಹನ ತಡೆಯಬೇಕಾಗುತ್ತದೆ. ಠಾಣೆಗೂ ಬೋರಿವಲಿಯಂಥ ದೊಡ್ಡ ಪ್ರವಾಸಿ ಬಾಗಿಲು ಬೇಕು ಎಂಬ ಬೇಡಿಕೆ ಕೇಳಿಬಂದರೆ ನಾನು ಬೇಡ ಎನ್ನುತ್ತೇನೆ. ಆಡುವುದಕ್ಕೆ, ಓಡುವುದಕ್ಕೆ ನಮಗೆ ಮಾಸುಂದಾ ಕೆರೆಯ ದಂಡೆ ಇದೆ, ಉಪವನ ಇದೆ, 2024ರಲ್ಲಿ ಕೋಲ್ಶೇತ್‌ನಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ಪಾರ್ಕ್ ಇದೆ. ಅಲ್ಲಿ ಸಂಗೀತ ಹಾಕಲಿ, ದೀಪ ಹಾಕಲಿ. ಯೇಊರಿಗೆ ಹೋಗುವವರು ಬೆಳಗ್ಗೆ ಹೋಗಿ, ಹಕ್ಕಿ ನೋಡಿ, ಬಿಸಿಲೇರುವ ಮುಂಚೆ ಇಳಿಯಲಿ. ಬುದ್ಧಪೂರ್ಣಿಮೆಯ ರಾತ್ರಿ ಅರಣ್ಯ ಇಲಾಖೆಯೇ ನೀರಿನ ಹೊಂಡಗಳ ಬಳಿ ಅಟ್ಟಣೆ ಕಟ್ಟಿ, ಸದ್ದಿಲ್ಲದೆ ಕೂತು ಪ್ರಾಣಿ ಎಣಿಸಲು ನಾಗರಿಕರನ್ನು ಕರೆಯುತ್ತದೆ. ಈ ಕಾಡಿಗೆ ಒಪ್ಪುವ ರಾತ್ರಿವಿಹಾರ ಅದೊಂದೇ. ಎಂಟು ವರ್ಷಕ್ಕೊಮ್ಮೆ ಗುಡ್ಡವನ್ನೆಲ್ಲ ನೇರಳೆ ಮಾಡುವ ಕಾರ್ವಿ 2016ರಲ್ಲಿ ಅರಳಿತ್ತು, 2024ರಲ್ಲಿ ಅರಳಿತು. ಇನ್ನು 2032ಕ್ಕೆ. ಅಷ್ಟರೊಳಗೆ ಆ ಇಳಿಜಾರುಗಳಲ್ಲಿ ಯಾರೂ ಪಾರ್ಕಿಂಗ್ ಜಾಗ ಮಾಡದಂತೆ ನೋಡಿಕೊಳ್ಳಬೇಕು.

ಕೊನೆಯದಾಗಿ, ಕಾಡಿನ ಉತ್ತರದ ಬಾಗಿಲು. ಘೋಡಬಂದರ್ ರಸ್ತೆಯಾಚೆಗೆ, ವಸಯಿ ಖಾಡಿಯ ಕಡೆಗೆ ನಾಗಲಾ ಎಂಬ ತುಂಡು ಕಾಡಿದೆ. ಖಾಡಿಯಾಚೆ ತುಂಗಾರೇಶ್ವರ ಅಭಯಾರಣ್ಯ. ನಗರ ಮೂರು ಕಡೆ ಒತ್ತಿಕೊಂಡಿರುವಾಗ ನಮ್ಮ ಚಿರತೆಗಳಿಗೆ ಹೊರಜಗತ್ತಿನ ನಂಟು ಉಳಿದಿರುವುದು ಈ ದಿಕ್ಕಿನಲ್ಲಿ. 2021ರಿಂದ ಕೊರಳಪಟ್ಟಿ ಕಟ್ಟಿ ಕೆಲವು ಚಿರತೆಗಳ ಓಡಾಟವನ್ನು ಗಮನಿಸಿದ್ದೂ ಇಂಥ ದಾಟುವ ಜಾಗಗಳನ್ನು ತಿಳಿಯಲೆಂದೇ. ಲಾಸ್ ಏಂಜಲೀಸ್ ನಗರದ ಗ್ರಿಫಿತ್ ಪಾರ್ಕಿನಲ್ಲಿ ‘ಪಿ-22’ ಎಂಬ ಪ್ಯೂಮಾ ಹೆದ್ದಾರಿಗಳ ನಡುವೆ ಸಿಕ್ಕಿ ಸುಮಾರು ಹತ್ತು ವರ್ಷ ಸಂಗಾತಿಯಿಲ್ಲದೆ ಬದುಕಿ 2022ರಲ್ಲಿ ಸತ್ತಿತು. ಅದರ ಬದುಕನ್ನು ಕಂಡ ಜನ ಚಂದಾ ಎತ್ತಿ, ಅದೇ ವರ್ಷ 101ನೆಯ ಹೆದ್ದಾರಿಯ ಮೇಲೆ ಪ್ರಾಣಿಗಳಿಗಾಗಿ ಹಸಿರು ಸೇತುವೆ ಕಟ್ಟುವ ಕೆಲಸ ಆರಂಭಿಸಿದರು. ನಮ್ಮಲ್ಲಿ 2024ರ ಜುಲೈನಲ್ಲಿ ಶಂಕುಸ್ಥಾಪನೆಯಾದ ಠಾಣೆ–ಬೋರಿವಲಿ ಜೋಡಿ ಸುರಂಗ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಉದ್ಯಾನದ ಅಡಿಯಲ್ಲೇ ಹಾದುಹೋಗಬೇಕಾಗಿದೆ. ಠಾಣೆಯ ಕಡೆ ಅದರ ಬಾಯಿ ತೆರೆಯುವುದು ಟಿಕುಜಿನಿವಾಡಿಯ ಹತ್ತಿರ, ಕಾಡಿನ ಬುಡದಲ್ಲೇ. ನಮ್ಮ ಪ್ರಯಾಣದ ಸಮಯ ಉಳಿಸಲು ಇಷ್ಟು ಹಣ ಹಾಕುವವರು ಘೋಡಬಂದರ್ ರಸ್ತೆಯಲ್ಲಿ ಪ್ರಾಣಿಗಳು ದಾಟಲು ಒಂದು ಮೇಲ್ದಾರಿಗೂ ಕೆಲವು ಕೆಳದಾರಿಗಳಿಗೂ ಅದೇ ಯೋಜನೆಯಲ್ಲಿ ಹಣ ತೆಗೆದಿಡಬೇಕು ಎಂದು ಠಾಣೆಯ ನಗರಸೇವಕರಿಂದ ಶಾಸಕರವರೆಗೆ ಎಲ್ಲರನ್ನೂ ಕೇಳುವ ಹಕ್ಕು ನೌಪಾಡಾದ ಮತದಾರರಿಗಿದೆ.