ವಿಚ್ಛೇದನದ ನಂತರ ಮಗುವಿನ ಪೌರತ್ವದ ರುಜುವಾತು: ಗ್ರಾಮ ಪಂಚಾಯತಿ ಸದಸ್ಯರಿಗೆ ಮಾಹಿತಿ

ವಿವಾಹ ವಿಚ್ಛೇದನದ ತರುವಾಯ ಮಗುವಿನೊಡನೆ ತವರಿಗೆ ಮರಳಿದ ತಾಯಿ, ಪಾಸ್‌ಪೋರ್ಟ್ ಮೊದಲಾದ ಅಗತ್ಯಗಳಿಗೆ ದಾಖಲೆ ಕೋರಿ ಗ್ರಾಮ ಪಂಚಾಯತಿಗೆ ಬರುವುದುಂಟು. ಮಗುವಿನ ಕಾಗದಪತ್ರಗಳು ಬಹುತೇಕ ಗಂಡನ ಮನೆಯಲ್ಲಿಯೇ ಉಳಿದಿರುತ್ತವೆ. ಅಂಥವರನ್ನು "ಮೊದಲು ತಂದೆಯ ಸಹಿ ತನ್ನಿ" ಎಂದು ಹಿಂದಕ್ಕೆ ಕಳುಹಿಸಿದಲ್ಲಿ ಅವರ ದಾರಿಯೇ ಮುಚ್ಚಿದಂತಾಗುತ್ತದೆ. ಪೌರತ್ವದ ರುಜುವಾತಿಗೆ ಕಾನೂನು ಅಂಥ ಸಹಿಯನ್ನು ಕೇಳುವುದಿಲ್ಲ.

ಜನನದ ದಿನವೇ ನಿರ್ಣಾಯಕ

ಪೌರತ್ವ ಅಧಿನಿಯಮ, 1955ರ 3ನೇ ಪ್ರಕರಣದ ಮೇರೆಗೆ ಭಾರತದಲ್ಲಿ ಜನಿಸಿದವರ ಪೌರತ್ವವು ಸಾಮಾನ್ಯವಾಗಿ ಹೀಗೆ ನಿರ್ಧಾರವಾಗುತ್ತದೆ:

1. 26-1-1950ರಿಂದ 30-6-1987ರವರೆಗೆ ಜನಿಸಿದವರು: ಭಾರತದಲ್ಲಿ ಜನಿಸಿದ್ದರೆ ಸಾಕು.
2. 1-7-1987ರಿಂದ 2-12-2004ರವರೆಗೆ ಜನಿಸಿದವರು: ತಂದೆ ಅಥವಾ ತಾಯಿ ಭಾರತದ ಪೌರರಾಗಿರಬೇಕು.
3. 3-12-2004ರಿಂದೀಚೆಗೆ ಜನಿಸಿದವರು: ತಂದೆ ತಾಯಿ ಇಬ್ಬರೂ ಪೌರರಾಗಿರಬೇಕು; ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಎರಡು ಮತ್ತು ಮೂರನೆಯ ಸಂದರ್ಭಗಳಲ್ಲಿ ಪರಿಗಣಿಸಬೇಕಾದದ್ದು ಮಗು ಹುಟ್ಟಿದ ದಿನ ತಂದೆ ತಾಯಿ ಹೊಂದಿದ್ದ ಸ್ಥಾನಮಾನವನ್ನು. ಆನಂತರದ ವಿಚ್ಛೇದನವಾಗಲಿ, ಮಗು ಯಾರ ಸುಪರ್ದಿನಲ್ಲಿದೆ ಎಂಬುದಾಗಲಿ ಅದನ್ನು ಬದಲಿಸುವುದಿಲ್ಲ.

ದಾಖಲೆಗಳ ಕೊಂಡಿ

ಉದಾಹರಣೆಗೆ, ಮಗು 2016ರಲ್ಲಿ, ತಾಯಿ 1992ರಲ್ಲಿ, ತಾಯಿಯ ತಂದೆ 1962ರಲ್ಲಿ, ಮೂವರೂ ಕರ್ನಾಟಕದಲ್ಲಿಯೇ ಜನಿಸಿದ್ದಾರೆಂದು ಭಾವಿಸೋಣ. ಅಜ್ಜ ಜನನದಿಂದಲೇ ಪೌರ. ಅವರ ಮೂಲಕ ತಾಯಿ, ತಾಯಿಯ ಮೂಲಕ ಮಗು ಪೌರರಾಗುತ್ತಾರೆ. ಇದಕ್ಕೆ ಅಜ್ಜನ ಶಾಲಾ ವರ್ಗಾವಣೆ ಪತ್ರದಂತಹ ಹಳೆಯ ದಾಖಲೆ, ಅಜ್ಜನ ಹೆಸರಿರುವ ತಾಯಿಯ ಜನನ ಪ್ರಮಾಣಪತ್ರ ಅಥವಾ ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿ, ತಾಯಿಯ ಹೆಸರಿರುವ ಮಗುವಿನ ಜನನ ಪ್ರಮಾಣಪತ್ರ ಒಂದಕ್ಕೊಂದು ಹೊಂದಿಕೆಯಾಗಬೇಕು. ತಂದೆಯ ಬಗ್ಗೆ ಪ್ರಶ್ನೆ ಬಂದಲ್ಲಿ, ಸಾರ್ವಜನಿಕವಾಗಿ ಲಭ್ಯವಿರುವ ಮತದಾರರ ಪಟ್ಟಿಯಲ್ಲಿನ ಅವರ ನಮೂದು ಸಹಾಯಕವಾಗುತ್ತದೆ. ಮದುವೆಯ ನಂತರ ತಾಯಿಯ ಹೆಸರು ಬದಲಾಗಿದ್ದಲ್ಲಿ ವಿಚ್ಛೇದನ ಡಿಕ್ರಿಯ ದೃಢೀಕೃತ ಪ್ರತಿ ಎರಡು ಹೆಸರುಗಳನ್ನು ಜೋಡಿಸಲು ನೆರವಾಗಬಹುದು.

ಜನನ ಪ್ರಮಾಣಪತ್ರ

ಮಗು ಜನಿಸಿದ ಸ್ಥಳದ ನೋಂದಣಿಯಿಂದಲೇ ಪ್ರಮಾಣಪತ್ರ ಪಡೆಯತಕ್ಕದ್ದು. ಜನನ ಮರಣ ನೋಂದಣಿ ಅಧಿನಿಯಮ, 1969ರ 17ನೇ ಪ್ರಕರಣದಂತೆ ಯಾರೇ ಆದರೂ ಅದನ್ನು ಕೋರಬಹುದು. ತಂದೆಯ ಒಪ್ಪಿಗೆ ಬೇಕಿಲ್ಲ. ಜನನವೇ ನೋಂದಣಿಯಾಗದೆ ಒಂದು ವರ್ಷ ಮೀರಿದ್ದಲ್ಲಿ ಮ್ಯಾಜಿಸ್ಟ್ರೇಟರ ಆದೇಶ ಅಗತ್ಯ. 1-10-2023ರಿಂದೀಚೆಗೆ ಜನಿಸಿದ ಮಕ್ಕಳಿಗೆ ಪಾಸ್‌ಪೋರ್ಟ್ ಪಡೆಯಲು ಜನನ ದಿನಾಂಕದ ಪುರಾವೆಯಾಗಿ ಈ ಪ್ರಮಾಣಪತ್ರ ಮಾತ್ರ ಸಲ್ಲುವುದರಿಂದ ವಿಳಂಬ ಸಲ್ಲದು.

ವಿಚ್ಛೇದನದ ಕಾರಣಕ್ಕೆ ನೋಂದಣಿಯಿಂದ ತಂದೆಯ ಹೆಸರು ತೆಗೆಸಲು ಸಲಹೆ ನೀಡಬಾರದು. ತಿದ್ದುಪಡಿ ಇರುವುದು ತಪ್ಪಾದ ನಮೂದಿಗೆ. ವಿಚ್ಛೇದನದಿಂದ ಹಿಂದಿನ ನಮೂದು ತಪ್ಪಾಗುವುದಿಲ್ಲ.

ಪಾಸ್‌ಪೋರ್ಟ್ ಮತ್ತು ವಿದೇಶದ ಜನನ

ಅಪ್ರಾಪ್ತ ಮಗುವಿನ ಪಾಸ್‌ಪೋರ್ಟಿಗೆ ಇನ್ನೊಬ್ಬ ಪಾಲಕರ ಸಮ್ಮತಿ ದೊರೆಯದಿದ್ದಲ್ಲಿ, ಅರ್ಜಿದಾರ ಪಾಲಕರು ಅನುಬಂಧ 'ಸಿ' ನಮೂನೆಯಲ್ಲಿ ಘೋಷಣೆ ಸಲ್ಲಿಸಬಹುದು. ಕೊಲ್ಲಿ ರಾಷ್ಟ್ರ ಮೊದಲಾದೆಡೆ 3-12-2004ರಿಂದೀಚೆಗೆ ಜನಿಸಿದ ಮಗುವಿಗೆ 4ನೇ ಪ್ರಕರಣ ಅನ್ವಯಿಸುತ್ತದೆ. ತಂದೆ ಅಥವಾ ತಾಯಿ ಪೌರರಾಗಿದ್ದು, ಒಂದು ವರ್ಷದೊಳಗೆ, ತಡವಾದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಂದ, ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿಯಾಗಿರಬೇಕು. ತಾಯಿ ಊರಿಗೆ ಮರಳಿದ್ದರೆ ಆ ನೋಂದಣಿ ಆಗಿದೆಯೇ ಎಂದು ಮೊದಲು ವಿಚಾರಿಸತಕ್ಕದ್ದು.

ಪಂಚಾಯತಿಯ ಮಿತಿ

"ಈ ಮಗು ಭಾರತದ ಪೌರ" ಎಂದು ದೃಢೀಕರಿಸುವ ಅಧಿಕಾರ ಗ್ರಾಮ ಪಂಚಾಯತಿಗಿಲ್ಲ. ಅಸ್ಸಾಂನ ರೂಪಜಾನ್ ಬೇಗಂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ, ವಿವಾಹಿತ ಮಹಿಳೆಯರಿಗೆ ನೀಡಿದ ಪಂಚಾಯತಿ ಪ್ರಮಾಣಪತ್ರವು ತಾನಾಗಿಯೇ ಪೌರತ್ವದ ಪುರಾವೆಯಲ್ಲ, ಪರಿಶೀಲನೆಗೆ ಒಳಪಟ್ಟು ಹೆತ್ತವರೊಂದಿಗಿನ ಸಂಬಂಧ ತೋರಿಸುವ ಪೂರಕ ದಾಖಲೆ ಮಾತ್ರ ಎಂದು ಸ್ಪಷ್ಟಪಡಿಸಿದೆ. ಆಧಾರ್ ಸಂಖ್ಯೆಯೂ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಅಧಿನಿಯಮದ 9ನೇ ಪ್ರಕರಣ ಹೇಳುತ್ತದೆ.

ಆದ್ದರಿಂದ ಸದಸ್ಯರು ಮೊದಲು ಕೇಳಬೇಕಾದದ್ದು ಮಗು ಎಂದು, ಎಲ್ಲಿ ಜನಿಸಿತು ಎಂಬುದನ್ನು. ದಂಪತಿಗಳು ಏಕೆ ಬೇರೆಯಾದರೆಂಬ ವಿಚಾರಣೆ ಇಲ್ಲಿ ಅನಗತ್ಯ. ಕೊಂಡಿಯಲ್ಲಿ ಕೊರತೆಯಿರುವ ದಾಖಲೆಯನ್ನು ಗುರುತಿಸಿ, ಅದು ದೊರೆಯುವ ಕಚೇರಿಯನ್ನು ತಿಳಿಸುವುದೇ ಆ ತಾಯಿಗೆ ಮಾಡಬಹುದಾದ ನೆರವು.