ಇಗರ್ಜಿಯ ಅಂಗಳದ ಕನ್ನಡ ಶಾಲೆ

ದಕ್ಷಿಣ ಕನ್ನಡದ ಹಲವು ಇಗರ್ಜಿಗಳ, ಅಂದರೆ ಚರ್ಚ್‌ಗಳ, ಅಂಗಳದಲ್ಲಿರುವ ಕ್ಯಾಥೊಲಿಕ್ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಆಡಳಿತವು ಚರ್ಚಿನದಾಗಿದ್ದು, ಮಂಜೂರಾದ ಶಿಕ್ಷಕರ ಸಂಬಳವೂ ಪಠ್ಯಕ್ರಮವೂ ಸರ್ಕಾರದ್ದಾಗಿರುವುದರಿಂದ, ಗುಣಮಟ್ಟದ ಗುಟ್ಟನ್ನು ಪಠ್ಯಪುಸ್ತಕದಲ್ಲಿ ಹುಡುಕಿ ಫಲವಿಲ್ಲ. ಮನೆಯಲ್ಲಿ ಕೊಂಕಣಿ, ತುಳು ಅಥವಾ ಬ್ಯಾರಿ ಆಡುವ ಮಕ್ಕಳು ಒಂದನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುವಾಗ, ಕನ್ನಡದ ಪಾಠವನ್ನು ತುಳುವಿನಲ್ಲಿ ಬಿಡಿಸಿ ಹೇಳಿ, ಮತ್ತೆ ಕನ್ನಡದಲ್ಲೇ ಓದಿಸುವ ಶಿಕ್ಷಕಿಯ ಜಾಣ್ಮೆಯೇ ಕಲಿಕೆಯನ್ನು ನಿರ್ಧರಿಸುತ್ತದೆ. ಆ ಕಲಿಕೆಯ ಕೀರ್ತಿ ಸಾಮಾನ್ಯವಾಗಿ ಶಾಲೆಯ ಶಿಸ್ತಿಗೆ ಸಲ್ಲುವುದು ಬೇರೆ ಮಾತು. ಇನ್ನು ಧರ್ಮಬೋಧೆಯ ವಿಷಯಕ್ಕೆ ಬಂದರೆ, ಸಂವಿಧಾನದ 28(3)ನೇ ವಿಧಿಯ ಪ್ರಕಾರ ಅನುದಾನಿತ ಶಾಲೆಯು ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವಾದ್ದರಿಂದ, ಕ್ರೈಸ್ತ ಧರ್ಮಬೋಧೆಯ ಹೊತ್ತಿನಲ್ಲಿ ಇತರ ಮಕ್ಕಳಿಗೆ ನೀತಿಪಾಠ ನಡೆಯುವುದುಂಟು. ನಿಜವಾದ ತೊಡಕು ಬೇರೆಡೆ ಇದೆ: ನಿವೃತ್ತರ ಹುದ್ದೆಗಳು ತುಂಬದೆ ಉಳಿದಲ್ಲಿ ಆಡಳಿತವು ತನ್ನ ನಿಧಿಯಿಂದ ಅಲ್ಪ ಗೌರವಧನಕ್ಕೆ ಶಿಕ್ಷಕರನ್ನು ನೇಮಿಸಿಕೊಳ್ಳುತ್ತದೆ.