ಟ್ಯಾಂಕಿಗೆ ಮೆತ್ತಿದ ಕೆಸರು ಯಾವ ಊರಿನದು?

ಕೆಂಗೇರಿಯಲ್ಲಿ ಜೋರು ಮಳೆ ನಿಂತ ಮೇಲೆ ಮೈಸೂರು ರಸ್ತೆಯ ಬದಿಯಲ್ಲಿ ನಿಂತು, ಮಣ್ಣು ಹೊತ್ತು ಸಾಗುವ ಟಿಪ್ಪರ್‌ಗಳನ್ನು ನೋಡಬೇಕು. ಸ್ಕೇಲ್ ಮಾಡೆಲ್ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಮಡ್‌ಗಾರ್ಡ್ ಒಳಗೆ ಹಸಿ ಕೆಸರು ದಪ್ಪವಾಗಿ ಮೆತ್ತಿಕೊಂಡಿರುತ್ತದೆ, ಅದರ ಅಂಚು ಒಣಗಿ ಬಣ್ಣ ತಿಳಿಯಾಗಿರುತ್ತದೆ. ಮೇಲೆ ಹೋದಂತೆ ಕೆಸರು ಬರೀ ಸಿಡಿದ ಚುಕ್ಕೆ, ಇನ್ನೂ ಮೇಲೆ ಬರೀ ಧೂಳು. ನೆಲಕ್ಕೆ ಉಜ್ಜುವ ಟೈರಿನ ಭಾಗ ಮಾತ್ರ ಕಪ್ಪಗೇ ಉಳಿದಿರುತ್ತದೆ. ಅಂಗೈ ಮೇಲೆ ಕೂರುವ ಟ್ಯಾಂಕಿಗೆ ಕೊಳೆ ಹಚ್ಚುವ ಮುನ್ನ ಇಷ್ಟನ್ನು ಕಣ್ಣಿಟ್ಟು ನೋಡಿದವರಿಗೆ ಅರ್ಧ ಕೆಲಸ ಮುಗಿದಂತೆ.

ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:35. ಜಪಾನಿನ ತಮಿಯಾ ಕಂಪನಿ 1961ರಲ್ಲಿ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದಾಗ, ಒಳಗೆ ಮೋಟಾರು ಮತ್ತು ಬ್ಯಾಟರಿ ಕೂರಿಸಲು ಬೇಕಾದ ಜಾಗ ನೋಡಿ ಗಾತ್ರ ನಿಗದಿ ಮಾಡಿತು; ಅದೇ ಅಳತೆ ಲೋಕಕ್ಕೆಲ್ಲ ಹಬ್ಬಿತು. ಈ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್ ಮರಳಿನ ಕಣ 17.5 ಮಿಲಿಮೀಟರ್ ಜಲ್ಲಿಕಲ್ಲಾಗಿ ಕಾಣುತ್ತದೆ. ಅಂಗಳದ ಮಣ್ಣನ್ನು ಹಾಗೇ ಅಂಟಿಸಿದರೆ ಮಾಡೆಲ್ ಕೆಡುವುದು ಇದರಿಂದಲೇ. ಮಣ್ಣನ್ನು ಚೆನ್ನಾಗಿ ಒಣಗಿಸಿ, ಬೇರು ಎಲೆ ಆಯ್ದು, ತೆಳು ಬಟ್ಟೆಯಲ್ಲಿ ಸೋಸಿದ ಪುಡಿ ಮಾತ್ರ ಕೆಲಸಕ್ಕೆ ಬರುತ್ತದೆ. ವಿದೇಶಿ ಪಿಗ್ಮೆಂಟ್ ಡಬ್ಬಿಗಳು ದುಬಾರಿ ಎನ್ನಿಸಿದರೆ ಮುಲ್ತಾನಿ ಮಿಟ್ಟಿ ಇದೆ, ಬಣ್ಣದ ಪುಡಿ ಬೆರೆಸಿಕೊಂಡರಾಯಿತು.

ಕೆಸರನ್ನು ಒಂದೇ ಸಲ ಬಳಿಯಬಾರದು. ಮೊದಲು ತಿಳಿ ಬಣ್ಣದ ಒಣ ಧೂಳು. ಟರ್ಪೆಂಟೈನ್ ಹನಿ ಬಿಟ್ಟರೆ ಅದು ಸಂದುಗೊಂದಿಗೆ ಇಳಿದು ಕೂರುತ್ತದೆ. ಆಮೇಲೆ ಪ್ಲಾಸ್ಟರ್, ಪುಡಿ, ನೀರು ಬೆರೆಸಿದ ಫೆವಿಕಾಲ್ ಕಲಸಿದ ಗಟ್ಟಿ ಕೆಸರು, ಚಕ್ರಗಳ ನಡುವೆ ಮತ್ತು ಹಿಂಬದಿಯ ಕೆಳಗೆ ಮಾತ್ರ. ಕೊನೆಗೆ ಇನ್ನೂ ಗಾಢ ಬಣ್ಣಕ್ಕೆ ಹೊಳಪಿನ ವಾರ್ನಿಷ್ ಸೇರಿಸಿ, ಹಲ್ಲುಜ್ಜುವ ಬ್ರಷ್‌ನಿಂದ ಅಲ್ಲಲ್ಲಿ ಸಿಡಿಸಿದರೆ ಈಗಷ್ಟೇ ಹಾರಿದ ಹಸಿ ಕೆಸರು. ಒದ್ದೆಯಿದ್ದಾಗ ಕಾಣುವ ಬಣ್ಣವನ್ನು ನಂಬಬೇಡಿ, ಪೂರ್ತಿ ಒಣಗಿದ ಮೇಲೆ ತೀರ್ಮಾನಿಸಿ.

ಇದೆಲ್ಲ ಕೈಚಳಕ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಆ ವಾಹನ ಯಾವ ನೆಲದಲ್ಲಿ ಓಡಿತು ಎಂಬ ಪ್ರಶ್ನೆ. ಕಬ್ಬಿಣದ ಆಕ್ಸೈಡ್‌ನಿಂದ ಕೆಂಪಾದ ನಮ್ಮ ಕೆಂಗೇರಿಯ ಮಣ್ಣನ್ನು ಪಂಜಾಬಿನಲ್ಲಿ ಕಾದಿದ ಟ್ಯಾಂಕಿಗೆ ಹಚ್ಚಿದರೆ ಮಾಡೆಲ್ ಸುಳ್ಳು ಹೇಳುತ್ತದೆ. 1965ರ ಸೆಪ್ಟೆಂಬರಿನಲ್ಲಿ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ನಮ್ಮ ಸೇನೆ ಕಬ್ಬಿನ ಗದ್ದೆಗಳಿಗೆ ನೀರು ಹರಿಸಿತ್ತು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಆ ಮೆಕ್ಕಲು ಮಣ್ಣಿನ ಕೆಸರಿನಲ್ಲಿ ಹೂತು ನಿಂತವು. ಅಲ್ಲಿ ಕೆಸರೇ ಯುದ್ಧ ಮಾಡಿದೆ. ಪ್ಯಾಟನ್ ಮಾಡೆಲ್ ಮಾಡುವವರು ಕಂದುಬೂದು ಕೆಸರನ್ನು ಟ್ರ್ಯಾಕ್ ಮುಚ್ಚುವಷ್ಟು ಹಾಕಿದರೂ ಹೆಚ್ಚಾಗದು.

ನಮಗೆ ಇನ್ನೂ ಹತ್ತಿರದ ಕಥೆ, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ದಾರಿಯ ಝೋಜಿ ಲಾ ಕಣಿವೆಯದು. 1948ರ ನವೆಂಬರ್ 1ರಂದು, ಸುಮಾರು 3,500 ಮೀಟರ್ ಎತ್ತರದ ಆ ಕಣಿವೆಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳು ನುಗ್ಗಿದವು. ಗುಟ್ಟು ಹೊರಬೀಳದಿರಲೆಂದು ಗೋಪುರ ಬಿಚ್ಚಿ, ಮುಚ್ಚಿ ಅವನ್ನು ಅಲ್ಲಿಗೆ ಸಾಗಿಸಲಾಗಿತ್ತು. ಆ ಸಾಹಸದ ನೇತೃತ್ವ ಕೊಡಗಿನ ಕೆ.ಎಸ್. ತಿಮ್ಮಯ್ಯ ಅವರದು. ಹೇಸರಗತ್ತೆ ನಡೆಯುತ್ತಿದ್ದ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಹಲಸೂರಿನಲ್ಲಿ. ಆ ಟ್ಯಾಂಕಿಗೆ ಬೇಕಾದದ್ದು ಬಂಡೆಯ ಬೂದು ಧೂಳು, ಹಿಮ ಕರಗಿ ಬೆರೆತ ರಾಡಿ. ಕೆಂಪಿನ ಸುಳಿವೂ ಇರಬಾರದು.

ನಮ್ಮ ಹುಡುಗರ ಕಪಾಟಿನಲ್ಲಿ ಜರ್ಮನ್ ಟೈಗರ್, ಪ್ಯಾಂಥರ್‌ಗಳೇ ತುಂಬಿರುವುದು ನನಗೆ ಬೇಸರ. ಕಿಟ್ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಯುರೋಪಿನ ಕೆಸರು ಹಚ್ಚಿದ್ದು ಸಾಕು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಒಮ್ಮೆ ಹೋಗಿ ಬನ್ನಿ, ಮುಂದಿನ ಕಿಟ್ ಸ್ಟುವರ್ಟ್‌ನದೇ ಕೊಳ್ಳಿ.